ಮುಂಬದಿಯ ಸಂಖ್ಯೆ, ಹಿಂಬದಿಯ ಸಂಖ್ಯೆ

ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆಗಳ ಹಳೆಯ ಮನೆಗಳಲ್ಲಾಗಲಿ, ಗುಬ್ಬಿಯ ತೆಂಗು ಅಡಕೆ ವರ್ತಕರ ಮನೆಗಳಲ್ಲಾಗಲಿ, ಕುಣಿಗಲ್ಲಿನ ಪೇಟೆಬೀದಿಯಲ್ಲಾಗಲಿ ಅಟ್ಟ ಹತ್ತಿ ನೋಡಿದರೆ ಮೂರು ತಲೆಮಾರಿನ ಧ್ವನಿಯಂತ್ರಗಳು ಧೂಳು ಹೊದ್ದು ಕುಳಿತಿರುವುದು ಅಪರೂಪವಲ್ಲ. ಕೀಲಿ ಕೊಡುವ ಗ್ರಾಮಫೋನು, ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ, ಎರಡು ಕ್ಯಾಸೆಟ್ ಹಿಡಿಸುವ ಟೇಪ್ ರೆಕಾರ್ಡರ್, ಕೊನೆಗೆ ಆಳೆತ್ತರದ ಎರಡು ಸ್ಪೀಕರುಗಳಿದ್ದ 'ಮ್ಯೂಸಿಕ್ ಸಿಸ್ಟಂ'. ಮನೆಯವರನ್ನು ವಿಚಾರಿಸಿದರೆ ಮೊದಲ ಮೂರರ ವಿಷಯದಲ್ಲಿ ವಾತ್ಸಲ್ಯವೂ ನಾಲ್ಕನೆಯದರ ವಿಷಯದಲ್ಲಿ ಒಂದು ಬಗೆಯ ಸಂಕೋಚವೂ ಕಾಣಿಸುತ್ತದೆ. ಇದು ವಿಚಿತ್ರ. ಬೆಲೆಯಲ್ಲಿಯೂ ಗಾತ್ರದಲ್ಲಿಯೂ ನಾಲ್ಕನೆಯದೇ ದೊಡ್ಡದು. ತಾಂತ್ರಿಕವಾಗಿ ನೋಡಿದರೂ ಗ್ರಾಮಫೋನಿಗಿಂತ ಅದು ಎಷ್ಟೋ ಮುಂದುವರಿದದ್ದು. ಆದರೂ ಕೊಂಡವರು ಪಶ್ಚಾತ್ತಾಪಪಟ್ಟದ್ದು ಅದಕ್ಕಾಗಿಯೇ. ಈ ಪಶ್ಚಾತ್ತಾಪದ ಮೂಲವೇನೆಂದು ಪರಿಶೀಲಿಸುವುದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ವ್ಯಾಪಾರ ನೀತಿಗೆ ಸಂಬಂಧಿಸಿದ ಕೆಲಸ.

ಗ್ರಾಮಫೋನಿನಿಂದ ಆರಂಭಿಸುವುದು ಯುಕ್ತ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲು ಮೂರು, ಮೂರೂವರೆ ನಿಮಿಷಕ್ಕೆ ಮುಗಿಯುತ್ತಿತ್ತು. ಉಕ್ಕಿನ ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕಿತ್ತು. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ ವೀರಣ್ಣನವರ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾದ ನಾಟಕ ಕಂಪನಿಯ ನಟನಟಿಯರು ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಹಾಡುತ್ತಿದ್ದರು. ಪ್ರೇಕ್ಷಕರು 'ಒನ್ಸ್ ಮೋರ್' ಎಂದರೆ ಹಾಡು ಮತ್ತೆ ಬೆಳೆಯುತ್ತಿತ್ತು. ಅಂಥ ರಂಗಗೀತೆ ತಟ್ಟೆಗೆ ಇಳಿದಾಗ ಆಲಾಪವನ್ನು ಮೊಟಕುಗೊಳಿಸಿ, ಗಡಿಯಾರಕ್ಕೆ ತಕ್ಕಂತೆ ಓಡಬೇಕಾಗುತ್ತಿತ್ತು. ನಾಟಕವನ್ನು ಕಣ್ಣಾರೆ ಕಂಡವರಿಗೆ ಇದು ನಿರಾಶೆಯೇ. ಆದರೆ ಮೋಸವಲ್ಲ. ಪೆಟ್ಟಿಗೆ ತಾನು ಇಷ್ಟೇ ಎಂದು ಮೊದಲೇ ಹೇಳಿತ್ತು. ಕರಕರ ಸದ್ದನ್ನು ಅಂಗಡಿಯಲ್ಲಿಯೇ ಕೇಳಿಸಿತ್ತು.

ಗ್ರಾಮಫೋನಿನ ನಿಜವಾದ ದೋಷ ಬೇರೊಂದು ಕಡೆ ಇತ್ತು, ಅದನ್ನು ಗಮನಿಸಿದವರು ಕಡಿಮೆ. ಆ ಕಾಲದ ತಟ್ಟೆಗಳನ್ನು ಬಂಧಿಸಿ ಹಿಡಿಯುತ್ತಿದ್ದುದು ಅರಗು. ಅರಗೆಂಬುದು ಮರದ ಕೊಂಬೆಗಳಲ್ಲಿ ಬದುಕುವ ಕೀಟದ ಸ್ರಾವ. ಶ್ರಾವಕನು ತ್ಯಜಿಸಬೇಕೆಂದು ಆಚಾರಗ್ರಂಥಗಳು ಎಣಿಸುವ ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಅರಗಿನ ವ್ಯಾಪಾರಕ್ಕೆ ಕೈಹಾಕದ ಮನೆಗಳು ಅರಗಿನ ತಟ್ಟೆಯಲ್ಲಿ ಭಕ್ತಿಗೀತೆ ಕೇಳಿ ಕಣ್ಣೀರು ಸುರಿಸಿದವು. ಆಕ್ಷೇಪಕ್ಕಾಗಿ ಹೇಳುವ ಮಾತಲ್ಲ. ವಸ್ತು ಯಾವುದರಿಂದ ಆಯಿತೆಂದು ಕೇಳುವ ಅಭ್ಯಾಸ ಯಂತ್ರದ ಮುಂದೆ ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದಕ್ಕೆ ಮಾತ್ರ.

ರೇಡಿಯೋದ ಮೇಲೆ ದೂರು ಇನ್ನೂ ಕಡಿಮೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರವೂ 1955ರಲ್ಲಿ ತೆರೆದ ಬೆಂಗಳೂರು ಆಕಾಶವಾಣಿಯೂ ಈ ಸೀಮೆಯ ಕಿವಿಗಳನ್ನು ತಿದ್ದಿದವು. ಸಂಜೆಯಾದರೆ ದೂರದ ನಿಲಯಗಳು ಬಂದು ಮೇಲೆ ಬೀಳುತ್ತಿದ್ದವು, ವಾಲ್ವ್ ಕಾಯುವ ತನಕ ಕಾದಿರಬೇಕಿತ್ತು, ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಆದರೂ ದೊಡ್ಡ ಸ್ಪೀಕರು, ಗಟ್ಟಿ ಮರ, ಇವೆರಡರಿಂದ ಮನುಷ್ಯನ ಕಂಠ ಮನುಷ್ಯನದೇ ಆಗಿ ಕೇಳುತ್ತಿತ್ತು. ಕೆಟ್ಟರೆ ಅದೇ ಬೀದಿಯಲ್ಲಿ ರಿಪೇರಿಯಾಗುತ್ತಿತ್ತು.

ಕ್ಯಾಸೆಟ್ಟಿನ ವಿಷಯದಲ್ಲಿ ವಿಮರ್ಶಕನು ಎಚ್ಚರದಿಂದ ತೂಗಬೇಕು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿಯಿಂದ ಭಾವಗೀತೆ ಮನೆಮನೆಯ ಸೊತ್ತಾಯಿತು. ಆದರೆ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ಚಲಿಸುವ, ಬೆರಳಿನ ಅರ್ಧ ಅಗಲವೂ ಇಲ್ಲದ ಪಟ್ಟಿಯಿಂದ ಎಷ್ಟನ್ನು ನಿರೀಕ್ಷಿಸಬಹುದು? ಬ್ಯಾಟರಿ ಇಳಿದರೆ ಗಾಯಕನ ಶ್ರುತಿಯೂ ಇಳಿಯುತ್ತಿತ್ತು. ಸೆಕೆಯ ದಿನ ಪಟ್ಟಿ ಸುತ್ತಿಕೊಂಡರೆ ಪೆನ್ಸಿಲ್ ತುರುಕಿ ಬಿಡಿಸಬೇಕಿತ್ತು. ಎಷ್ಟೋ ಮನೆಗಳಲ್ಲಿ ಟೇಪ್ ರೆಕಾರ್ಡರ್ ಮಂಕಾಯಿತೆಂದು ಬೈಸಿಕೊಂಡದ್ದು ಅನ್ಯಾಯ: ಬಸ್ ನಿಲ್ದಾಣದ ಬಳಿ ಅರ್ಧ ಬೆಲೆಗೆ ಕೊಂಡ ಕಳ್ಳಮುದ್ರಣದ ಕ್ಯಾಸೆಟ್ಟಿನ ಪುಡಿ ಅದರ 'ಹೆಡ್' ಮೇಲೆ ಮೆತ್ತಿಕೊಂಡಿರುತ್ತಿತ್ತು. ಕದ್ದ ಮಾಲನ್ನು ಅಗ್ಗಕ್ಕೆ ಕೊಳ್ಳುವುದು ಅಚೌರ್ಯವ್ರತದ ಎರಡನೆಯ ಅತಿಚಾರ; ಇಲ್ಲಿ ಅದರ ದಂಡವನ್ನು ಯಂತ್ರ ತೆತ್ತಿತು.

ಇನ್ನು ನಾಲ್ಕನೆಯದು. 1990ರ ದಶಕದಲ್ಲಿ ಪೇಟೆಗೆ ಬಂದ ಈ ಪೆಟ್ಟಿಗೆಗಳ ಮುಂಭಾಗದಲ್ಲಿ, ಹೊಳೆಯುವ ಅಕ್ಷರಗಳಲ್ಲಿ, 400 ವಾಟ್, 1000 ವಾಟ್, ಕೆಲವೊಮ್ಮೆ ಅದಕ್ಕೂ ಮೇಲೆ ಎಂದು ಬರೆದಿರುತ್ತಿತ್ತು. ಪಕ್ಕದಲ್ಲಿ ಸಣ್ಣದಾಗಿ ಪಿ.ಎಂ.ಪಿ.ಓ. ಎಂಬ ನಾಲ್ಕು ಅಕ್ಷರ. 'ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್' ಎಂದು ಅದರ ವಿಸ್ತಾರ. ಯಂತ್ರದೊಳಗಿನ ಕೆಪಾಸಿಟರುಗಳಲ್ಲಿ ಸಂಗ್ರಹವಾದ ವಿದ್ಯುತ್ತು ಕ್ಷಣದ ಅತ್ಯಲ್ಪ ಭಾಗದಲ್ಲಿ, ಧ್ವನಿ ಎಷ್ಟೇ ವಿಕಾರವಾದರೂ ಚಿಂತೆಯಿಲ್ಲವೆಂದು ಎಣಿಸಿ, ಎಷ್ಟು ಹೊಮ್ಮಬಹುದು ಎಂಬ ಊಹೆಯನ್ನು ಇನ್ನಷ್ಟು ಗುಣಿಸಿ ಬರೆದ ಅಂಕಿ ಅದು. ಎಲ್ಲರೂ ಒಪ್ಪಿದ ವ್ಯಾಖ್ಯೆ ಅದಕ್ಕಿಲ್ಲ. ನಿರಂತರವಾಗಿ ದೊರೆಯುವ ನಿಜವಾದ ಶಕ್ತಿಯನ್ನು ಸೂಚಿಸುವ ಅಳತೆ, ಆರ್.ಎಂ.ಎಸ್. ವಾಟ್, ಬೇರೆಯೇ ಇತ್ತು. ಅದು ಹತ್ತೋ ಹದಿನೈದೋ ಆಗಿರುತ್ತಿದ್ದುದರಿಂದ ಮುಂಭಾಗಕ್ಕೆ ಬರುವ ಯೋಗ್ಯತೆ ಅದಕ್ಕಿರಲಿಲ್ಲ.

ಸತ್ಯವನ್ನು ಬಚ್ಚಿಟ್ಟಿರಲಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ. ಪೆಟ್ಟಿಗೆಯನ್ನು ತಿರುಗಿಸಿದರೆ, ವಿದ್ಯುತ್ ತಂತಿ ಹೊರಡುವ ಜಾಗದ ಬಳಿ, ಈ ಯಂತ್ರವು ಮನೆಯ ಸರಬರಾಜಿನಿಂದ ಸೆಳೆಯುವ ವಿದ್ಯುತ್ತು ಎಷ್ಟೆಂದು ನಮೂದಾಗಿರುತ್ತಿತ್ತು. ಅಲ್ಲಿ 25 ವಾಟ್ ಎಂದಿದ್ದರೆ ಲೆಕ್ಕ ಮುಗಿಯಿತು. ಒಳಗೆ ಬರುವುದು 25. ಅದರಲ್ಲಿ ಅರ್ಧದಷ್ಟು ಬಿಸಿಯಾಗಿ, ದೀಪವಾಗಿ, ಮೋಟಾರಿಗಾಗಿ ಹೋದರೆ ಉಳಿಯುವುದು 12. ಜಮೆ 25 ಇರುವಲ್ಲಿ ಖರ್ಚು 1000 ಬರೆದ ಖಾತೆಯನ್ನು ಯಾವ ಗುಮಾಸ್ತನಾದರೂ ಒಪ್ಪುತ್ತಿದ್ದನೇ? ನಿಜವಾಗಿ 1000 ವಾಟ್ ಸೆಳೆಯುವ ಯಂತ್ರವಾಗಿದ್ದರೆ ಗಂಟೆಗೊಂದು ಯೂನಿಟ್ಟಿನಂತೆ ಮೀಟರು ಓಡಬೇಕಿತ್ತು; ಇಸ್ತ್ರಿ ಪೆಟ್ಟಿಗೆಯಂತೆ ಪೆಟ್ಟಿಗೆ ಸುಡಬೇಕಿತ್ತು. ಕ್ವಿಂಟಾಲ್ ಕೊಬ್ಬರಿಯಲ್ಲಿ ಅರ್ಧ ಕಿಲೋ ಇಳಿದರೆ ಹಿಡಿಯಬಲ್ಲ ವರ್ತಕರು, ಅಡಕೆಯ ರಾಶಿಯಲ್ಲಿ ಕೈಯಿಟ್ಟು ತೇವ ಹೇಳಬಲ್ಲವರು, ಈ ಒಂದು ಪೆಟ್ಟಿಗೆಯ ಬೆನ್ನನ್ನು ಮಾತ್ರ ತಿರುಗಿಸಿ ನೋಡಲಿಲ್ಲ.

ಸುಳ್ಳಿನ ಅವಶ್ಯಕತೆಯಾದರೂ ಇತ್ತೇ ಎಂದು ನೋಡಿದರೆ ಅದೂ ಇಲ್ಲ. ಕಿವಿಯ ಧರ್ಮ ವಿಚಿತ್ರ: ಧ್ವನಿ ಇಮ್ಮಡಿಯಾದಂತೆ ಕೇಳಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚಬೇಕು. ಆದ್ದರಿಂದ 12 ವಾಟ್ ನಿಜವಾಗಿಯೂ 1000 ಆಗಿದ್ದರೂ ಕಿವಿಗೆ ನಾಲ್ಕು ಪಟ್ಟಿಗಿಂತ ತುಸು ಕಡಿಮೆಯೇ ಆಗುತ್ತಿತ್ತು. ಸಾಧಾರಣ ಸ್ಪೀಕರು ಒಂದೇ ಒಂದು ವಾಟ್ ಉಂಡು ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಧ್ವನಿ ಕೊಡುತ್ತದೆ. ಮನುಷ್ಯರ ಮಾತುಕತೆ 60ರ ಆಸುಪಾಸು. ಹತ್ತಡಿ ಹನ್ನೆರಡಡಿಯ ಕೋಣೆಗೆ 12 ವಾಟ್ ಧಾರಾಳವಾಗಿ ಸಾಕು. ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಯಾರಿಗೂ ಕೊರತೆಯಾಗುತ್ತಿರಲಿಲ್ಲ. ಹಣ ಹೋದದ್ದು ಅಂಕಿಯ ಹಿಂದೆ. ಸ್ಪೀಕರಿನ ಕಾಗದಕ್ಕೆ, ಆಯಸ್ಕಾಂತಕ್ಕೆ, ಟ್ರಾನ್ಸ್‌ಫಾರ್ಮರಿಗೆ ಹೋಗಬೇಕಾದ ಹಣ ಮಿಣುಕುವ ದೀಪಗಳಿಗೆ, ಹೊಟ್ಟಿನ ಹಲಗೆಯ ಎತ್ತರದ ಪೆಟ್ಟಿಗೆಗಳಿಗೆ ಹೋಯಿತು. ಕೆಲವು ಪೆಟ್ಟಿಗೆಗಳಲ್ಲಿ ಮೇಲಿನ ಚಿಕ್ಕ ಸ್ಪೀಕರು ಬರಿಯ ಪ್ಲಾಸ್ಟಿಕ್ ಬಿಲ್ಲೆ. ಹಿಂದೆ ತಂತಿಯೇ ಇಲ್ಲ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಊರಿನ ಮೆಕ್ಯಾನಿಕ್ ಜೋಡಿಸಿಕೊಟ್ಟ ಆಂಪ್ಲಿಫೈಯರ್ ನೋಡಲು ಕುರೂಪ, ಮುಂಭಾಗದಲ್ಲಿ ಯಾವ ಅಂಕಿಯೂ ಇಲ್ಲ. ಆದರೆ ಎತ್ತಿದರೆ ತೂಕ ಗೊತ್ತಾಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಸುಳ್ಳು ಹೇಳಲಾರದು.

ಈ ದೊಡ್ಡ ಪೆಟ್ಟಿಗೆಗಳಲ್ಲಿ ಕುಣಿಗಲ್ ಕೆರೆಯನ್ನು ಕುರಿತ ಜನಪದ ಗೀತೆಯನ್ನು ಹಾಕಿ ನೋಡಿದವರಿಗೆ ದೋಷ ಥಟ್ಟನೆ ತಿಳಿಯುತ್ತದೆ. ಆ ಹಾಡಿನ ಜೀವ ಇರುವುದು ಕಂಠದಲ್ಲಿ, ಪದಗಳ ಎಳೆತದಲ್ಲಿ; ಅಂದರೆ ಶ್ರುತಿಯ ಮಧ್ಯಭಾಗದಲ್ಲಿ. ಪೆಟ್ಟಿಗೆಯಾದರೋ ಕೆಳಗಿನ ಗುಡುಗನ್ನೂ ಮೇಲಿನ ಚುರುಚುರು ಸದ್ದನ್ನೂ ಉಬ್ಬಿಸಿ ಮಧ್ಯವನ್ನು ತಗ್ಗಿಸುತ್ತಿತ್ತು, ಅಂಗಡಿಯಲ್ಲಿ ಅರ್ಧ ನಿಮಿಷ ಕೇಳುವವನಿಗೆ ಅದೇ ಭರ್ಜರಿಯೆನಿಸುತ್ತಿದ್ದುದರಿಂದ. ಮನೆಗೆ ತಂದ ಒಂದು ತಿಂಗಳಿಗೆ ಮಾತುಗಳು ಕೇಳುತ್ತಿಲ್ಲವೆಂದು ಮನೆಯ ಹಿರಿಯರು ಮತ್ತೆ ಟ್ರಾನ್ಸಿಸ್ಟರಿನ ಕಡೆ ತಿರುಗಿದರು. ಹಿರಿಯರ ಕಿವಿ ಮಂದವೆಂದು ಕಿರಿಯರು ನಕ್ಕರು. ಮಂದವಾಗಿದ್ದುದು ಪೆಟ್ಟಿಗೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಸೇರಿವೆ: ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಂದರ ಹೆಸರಿನಲ್ಲಿ ಅದರಂತೆ ಕಾಣುವ ಇನ್ನೊಂದನ್ನು ಮಾರುವುದು. ತಂತಿಯಿಲ್ಲದ ಬಿಲ್ಲೆ ಎರಡನೆಯದಕ್ಕೆ ಸ್ಪಷ್ಟ ಉದಾಹರಣೆ, ಅದರಲ್ಲಿ ಚರ್ಚೆಯಿಲ್ಲ. ಚರ್ಚೆ ಬರುವುದು ವಾಟ್‌ನ ವಿಷಯದಲ್ಲಿ. ಪಿ.ಎಂ.ಪಿ.ಓ. ಎಂದು ಬರೆದೇ ಇದೆಯಲ್ಲ, ಸುಳ್ಳೆಲ್ಲಿ ಬಂತು ಎಂದು ತಯಾರಕನು ಕೇಳಬಹುದು. ಸೇರಿಗೆ ಇಷ್ಟೇ ಎಂದು ನಿಗದಿಯಿಲ್ಲದ ಊರಿನಲ್ಲಿ ಅರ್ಧ ಸೇರನ್ನು ಹತ್ತು ಸೇರೆಂದು ಅಳೆದವನೂ ಇದೇ ಮಾತನ್ನು ಆಡಬಲ್ಲ. ಅಳತೆಯ ಹೆಸರನ್ನು ಮಾತ್ರ ಸಾಲ ತಂದು ಅದರ ನಿಯಮವನ್ನು ಹೊರಗೆ ಬಿಟ್ಟದ್ದೇ ಇಲ್ಲಿ ದೋಷ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಷ್ಟು ಹಿಂದೆಯೇ ಈ ಬಗೆಯ ಪ್ರಚಾರಕ್ಕೆ ಕಡಿವಾಣ ಹಾಕಿ, ನಿರಂತರ ಶಕ್ತಿ ಎಷ್ಟು, ವಿಕಾರ ಎಷ್ಟು ಎಂಬುದನ್ನು ಹೇಳಲೇಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ 1976ರ ತೂಕ ಮತ್ತು ಅಳತೆಗಳ ಕಾಯಿದೆಯೂ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದ್ದವು. ಆದರೆ ವ್ಯಾಖ್ಯೆಯಿಲ್ಲದ ಅಂಕಿಯನ್ನು ಸುಳ್ಳೆಂದು ತೋರಿಸುವುದು ಯಾವ ತಕ್ಕಡಿಯಿಂದ?

ಹೆಚ್ಚು ಕಷ್ಟದ ಪ್ರಶ್ನೆ ತಯಾರಕನದಲ್ಲ, ಊರಿನ ಅಂಗಡಿಕಾರನದು. ಬರೆದವನು ಅವನಲ್ಲ, ಬಂದ ಪೆಟ್ಟಿಗೆಯನ್ನು ಬಂದಂತೆಯೇ ಮಾರಿದ. ಗಿರಾಕಿ ಕೇಳಿದಾಗ 'ಸಾವಿರ ವಾಟ್' ಎಂದು ಬೆರಳು ತೋರಿಸಿದ. ಹನ್ನೆರಡು ಎಂದು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ಅದೇ ಪೆಟ್ಟಿಗೆಯನ್ನು ಸಾವಿರವೆಂದು ಕೊಳ್ಳುತ್ತಿದ್ದ. ಸತ್ಯವಂತನಿಗೆ ನಷ್ಟ, ಗಿರಾಕಿಗೆ ಲಾಭವೂ ಇಲ್ಲ. ವ್ಯಾಪಾರ ಮಾಡಿದವರಿಗೆ ಈ ಸಂಕಟ ಪುಸ್ತಕದ ಮಾತಲ್ಲ. ಆದರೂ ಒಂದು ವ್ಯತ್ಯಾಸವನ್ನು ಗುರುತಿಸಲೇಬೇಕು. ತಿಳಿಯದೆ ಹೇಳಿದವನು ಬೇರೆ, ತಿಳಿದೂ ಬೆರಳು ತೋರಿಸಿದವನು ಬೇರೆ. ಕೇಳಿದವನಿಗಾದರೂ ಪೆಟ್ಟಿಗೆಯನ್ನು ತಿರುಗಿಸಿ ತೋರಿಸುವ ದಾರಿ ಎರಡನೆಯವನಿಗೆ ಇದ್ದೇ ಇತ್ತು. ಅದಕ್ಕೆ ಮಾತೂ ಬೇಕಿರಲಿಲ್ಲ.

ಕೊಂಡವರ ಪಾಲನ್ನು ಮರೆಮಾಚಿದರೆ ವಿಮರ್ಶೆ ಪಕ್ಷಪಾತವಾದೀತು. ಪಕ್ಕದ ಮನೆಯಲ್ಲಿ 400 ಇದ್ದರೆ ತಮ್ಮಲ್ಲಿ 1000 ಇರಬೇಕೆಂಬ ಹಟ ಅಂಗಡಿಯಿಂದ ಬಂದದ್ದಲ್ಲ. ಪರಿಗ್ರಹಕ್ಕೆ ಮಿತಿ ಹಾಕಿಕೊಂಡವರು ಹೊಲ, ಹೊನ್ನು, ಧಾನ್ಯಗಳನ್ನು ಎಣಿಸಿದರು. ವಾಟ್‌ಗಳನ್ನು ಎಣಿಸಬೇಕೆಂದು ಯಾರಿಗೂ ತೋಚಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಪ್ರಕರಣ ಅಮೆರಿಕದಲ್ಲಿ 2022ರಲ್ಲಿ ಬಯಲಾಯಿತು. ಮೊಬೈಲ್ ಫಿಡೆಲಿಟಿ ಎಂಬ ಸಂಸ್ಥೆಯ ದುಬಾರಿ ತಟ್ಟೆಗಳನ್ನು, ಮೂಲ ಟೇಪಿನಿಂದ ಡಿಜಿಟಲ್ ಹಂತವಿಲ್ಲದೆ ತಯಾರಾದವೆಂದು ನಂಬಿ ರಸಿಕರು ಕೊಳ್ಳುತ್ತಿದ್ದರು. ಹಲವು ವರ್ಷಗಳಿಂದ ನಡುವೆ ಡಿಜಿಟಲ್ ಹಂತ ಸೇರಿತ್ತೆಂದು ಆಗ ತಿಳಿಯಿತು. ಸೂಕ್ಷ್ಮ ಕಿವಿಯೆಂದು ಹೆಸರಾದವರೂ ಅಲ್ಲಿಯವರೆಗೆ ಅವನ್ನು ಹೊಗಳಿದ್ದರು. ಧ್ವನಿಯಲ್ಲಿ ಕೊರತೆಯಿರಲಿಲ್ಲ; ಆದರೂ ಕೊಂಡವರು ನ್ಯಾಯಾಲಯಕ್ಕೆ ಹೋದರು, ಸಂಸ್ಥೆ ರಾಜಿಗೆ ಒಪ್ಪಿತು. ಕಿವಿ ತೃಪ್ತವಾಗಿದ್ದರೂ ಮನುಷ್ಯನು ವಂಚಿತನೆಂದುಕೊಳ್ಳಬಲ್ಲ. ಹಾಗಾದರೆ ತುಮಕೂರಿನ ಅಟ್ಟದ ಪೆಟ್ಟಿಗೆ ಒಂದು ವೇಳೆ ಇಂಪಾಗಿಯೇ ಹಾಡಿದ್ದರೂ ಮುಂಭಾಗದ ಅಂಕಿ ಕ್ಷಮ್ಯವಾಗುತ್ತಿರಲಿಲ್ಲ.

ಹಲವು ಜೈನ ಮನೆಗಳಲ್ಲಿ ಅಟ್ಟಕ್ಕೆ ಹೋಗದೆ ದೇವರ ಕೋಣೆಯಲ್ಲಿಯೇ ಉಳಿದ ಇನ್ನೊಂದು ಧ್ವನಿಯಂತ್ರವಿದೆ. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಣಮೋಕಾರ ಮಂತ್ರವನ್ನು ಹಗಲಿರುಳೂ ಹೇಳುತ್ತದೆ. ಬೆಲೆ ಅಲ್ಪ, ಅಂಕಿಯ ಆಡಂಬರವಿಲ್ಲ. ಧ್ವನಿ ತಗಡಿನದು, ಸುತ್ತು ಮುಗಿದು ಮತ್ತೆ ಆರಂಭವಾಗುವಲ್ಲಿ ಕೆಲವು ಡಬ್ಬಿಗಳು ಕೊನೆಯ ಅಕ್ಷರವನ್ನೇ ನುಂಗುತ್ತವೆ. ಮನೆಯವರು ಅಂಗಡಿಗೆ ಹೋಗಿರುತ್ತಾರೆ, ಬೀಗ ಹಾಕಿರುತ್ತದೆ, ಡಬ್ಬಿ ಹೇಳುತ್ತಲೇ ಇರುತ್ತದೆ. ಇದನ್ನು ಕೊಂಡು ವಿಷಾದಿಸಿದವರು ಯಾರೂ ಕಾಣರು, ಏಕೆಂದರೆ ಕೇಳುವವರೇ ಇಲ್ಲ.

ಈಗ ಪೇಟೆಯಲ್ಲಿರುವುದು ತಂತಿಯಿಲ್ಲದ ಬ್ಲೂಟೂತ್ ಸ್ಪೀಕರು, ಟಿವಿಯ ಕೆಳಗಿನ ಉದ್ದನೆಯ ಸೌಂಡ್‌ಬಾರ್. ಅನೇಕ ತಯಾರಕರು ಆರ್.ಎಂ.ಎಸ್. ಅಂಕಿಯನ್ನೇ ಮುದ್ರಿಸುತ್ತಾರೆ, 'ಪೀಕ್' ಎಂಬ ಹೆಸರಿನಲ್ಲಿ ಹಳೆಯ ಚಾಳಿಯನ್ನು ಉಳಿಸಿಕೊಂಡವರೂ ಇದ್ದಾರೆ. 2019ರ ಹೊಸ ಗ್ರಾಹಕ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಇವುಗಳ ಹೊಸ ದೋಷ ಅಂಕಿಯಲ್ಲಿಲ್ಲ, ಅಂಟಿನಲ್ಲಿದೆ. ಬ್ಯಾಟರಿಯನ್ನು ಒಳಗಿಟ್ಟು ಅಂಟಿಸಿಬಿಟ್ಟಿರುವ ಡಬ್ಬಿಗಳಲ್ಲಿ ಕೆಲವು ವರ್ಷಗಳಲ್ಲಿ ಬ್ಯಾಟರಿ ಸತ್ತರೆ ಸ್ಪೀಕರು ಚೆನ್ನಾಗಿದ್ದರೂ ಎಸೆಯಬೇಕು. ಕೊಳ್ಳುವ ಮುನ್ನ ಇಂಥ ಡಬ್ಬಿಯನ್ನೂ ಒಮ್ಮೆ ತಿರುಗಿಸಿ, ತಿರುಪು ಮೊಳೆ ಇದೆಯೋ ಇಲ್ಲವೋ ಎಂದು ನೋಡಬಹುದು.