ಯಾವ ಮಿಂಚಿನ ಗುಡುಗು?

ಬೇಸಿಗೆಯ ಒಂದು ಸಂಜೆ ನೀವು ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ, ವರದಾ ನದಿಯ ದಂಡೆಯ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಒಂದೇ ದಿಕ್ಕಿನಲ್ಲಿ ಒಂದರ ಹಿಂದೊಂದು ಎರಡು ಮಿಂಚು ಹೊಳೆಯುತ್ತವೆ. ಬಳಿಕ ಒಂದೇ ಗುಡುಗು ಕೇಳಿಸುತ್ತದೆ. ಅದು ಯಾವ ಮಿಂಚಿನದು? ದಿಕ್ಕು ಇದಕ್ಕೆ ಉತ್ತರ ಕೊಡಲಾರದು, ಗಡಿಯಾರ ಕೊಡಬಲ್ಲದು. 2017ರ ಜನವರಿಯಲ್ಲಿ ಖಗೋಳವಿಜ್ಞಾನಿಗಳಿಗೆ ಇಂಥದೇ ಸಮಸ್ಯೆ ಎದುರಾಯಿತು.

ಜನವರಿ 4ರಂದು ಅಮೆರಿಕದ ಲೈಗೊ ಉಪಕರಣಗಳು ಜಿಡಬ್ಲ್ಯು170104 ಎಂಬ ಗುರುತ್ವ ತರಂಗವನ್ನು ಗ್ರಹಿಸಿದವು. ಸುಮಾರು 300 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪು ಕುಳಿಗಳು ವಿಲೀನವಾಗಿದ್ದವು. ಅದು ಬಂದದ್ದು ಆಕಾಶದ ಒಂದು ವಿಶಾಲ ಪಟ್ಟಿಯಿಂದ ಎಂದಷ್ಟೇ ತಿಳಿದಿತ್ತು. ಸುಮಾರು 23 ಗಂಟೆಗಳ ಅನಂತರ ಹವಾಯಿಯ ಅಟ್ಲಾಸ್ ದೂರದರ್ಶಕವು ಆ ಪಟ್ಟಿಯೊಳಗೆ, ಬೇಗನೆ ಮಂಕಾಗುತ್ತಿದ್ದ ಬೆಳಕಿನ ಚುಕ್ಕೆಯೊಂದನ್ನು ಪತ್ತೆ ಮಾಡಿತು. ಕಪ್ಪು ಕುಳಿಗಳ ವಿಲೀನದಿಂದ ಬೆಳಕು ಹೊಮ್ಮುವ ನಿರೀಕ್ಷೆ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಇವೆರಡಕ್ಕೂ ನಂಟಿದ್ದರೆ ಅದು ಬಹು ದೊಡ್ಡ ಶೋಧವೇ ಸರಿ.

ನಮ್ಮ ಆಸ್ಟ್ರೊಸ್ಯಾಟ್ ನೆರವಿಗೆ ಬಂದದ್ದು ಇಲ್ಲಿ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾಗಿ, 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿದ ವ್ಯೋಮ ದೂರದರ್ಶಕ ಇದು. ಇದರ ಕ್ಯಾಡ್ಮಿಯಂ-ಜಿಂಕ್-ಟೆಲ್ಯುರೈಡ್ ಉಪಕರಣದ ಗೋಡೆಗಳು ಸುಮಾರು 100 ಕಿಲೊ ಎಲೆಕ್ಟ್ರಾನ್ ವೋಲ್ಟ್ ಮೀರಿದ ಕಿರಣಗಳಿಗೆ ಬಹುಮಟ್ಟಿಗೆ ಪಾರದರ್ಶಕ. ಹಾಗಾಗಿ ತಾನು ಗುರಿಯಿಟ್ಟ ದಿಕ್ಕಿನಾಚೆಯ ಸ್ಫೋಟಗಳನ್ನೂ ಅದು ಗ್ರಹಿಸಬಲ್ಲದು. ಗುರುತ್ವ ತರಂಗ ಬಂದ ಗಳಿಗೆಯಲ್ಲಿ ಅದರ ದತ್ತಾಂಶದಲ್ಲಿ ಏನೂ ಇರಲಿಲ್ಲ. ಆದರೆ ಸುಮಾರು 20 ಗಂಟೆಗಳ ಅನಂತರ, ಜನವರಿ 5ರಂದು, ಗಾಮಾ ಕಿರಣ ಸ್ಫೋಟವೊಂದು ದಾಖಲಾಗಿತ್ತು. ವರುಣ್ ಭಾಲೇರಾವ್ ಮತ್ತು ಸಂಗಡಿಗರು ಎಕ್ಸ್-ಕಿರಣ, ಬೆಳಕು, ರೇಡಿಯೊ ವೀಕ್ಷಣೆಗಳನ್ನೂ ಜೋಡಿಸಿ 2017ರಲ್ಲಿ ಆಸ್ಟ್ರೊಫಿಸಿಕಲ್ ಜರ್ನಲ್‌ನಲ್ಲಿ ತೀರ್ಪಿತ್ತರು: ಚುಕ್ಕೆಯು ಈ ಸ್ಫೋಟದ ಉತ್ತರದೀಪ್ತಿ, ಗುರುತ್ವ ತರಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಾಲದ ಸಾಕ್ಷ್ಯ ಎಷ್ಟು ಬಲವಾದುದೆಂಬುದನ್ನು ನೀವೇ ಒಂದು ಲೆಕ್ಕದಿಂದ ನೋಡಬಹುದು. ಉತ್ತರದೀಪ್ತಿಯು ಕಾಲದ ಒಂದು ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಉದಾಹರಣೆಗೆ, ಸ್ಫೋಟದಿಂದ 4, 8, 16ನೆಯ ಗಂಟೆಗಳಲ್ಲಿ ಅಳೆದಾಗ ಅದು ಪ್ರತಿಸಲವೂ ಅರ್ಧವಾಗಿದ್ದರೆ ಘಾತ 1. ಈಗ ಶೂನ್ಯ ಕಾಲವನ್ನು 20 ಗಂಟೆ ಹಿಂದಕ್ಕೆ ಸರಿಸಿ. ಅವೇ ಅಳತೆಗಳು 24, 28, 36ನೆಯ ಗಂಟೆಗಳಿಗೆ ಸೇರುತ್ತವೆ. ಮೊದಲ ಜೋಡಿಯಿಂದ ಘಾತ 4.5 ಬಂದರೆ, ಎರಡನೆಯದರಿಂದ 2.8! ಲಾಗರಿತಮ್ ನಕ್ಷೆಯಲ್ಲಿ ನೇರವಾಗಿದ್ದ ಗೆರೆ ಬಾಗಿಬಿಡುತ್ತದೆ. ತಪ್ಪು ಶೂನ್ಯ ಕಾಲ ತಾನಾಗಿಯೇ ಸಿಕ್ಕಿಬೀಳುತ್ತದೆ.

ಹಾಗೆಂದು ಈ ಲೇಖನದಲ್ಲಿ ಪ್ರಶ್ನಿಸುವಂಥದ್ದು ಏನೂ ಇಲ್ಲವೆಂದಲ್ಲ. ಮೊದಲನೆಯದಾಗಿ, ಗುರುತ್ವ ತರಂಗ ಬಂದಾಗ ಆಸ್ಟ್ರೊಸ್ಯಾಟ್‌ಗೆ ಕಾಣುತ್ತಿದ್ದದ್ದು ಆ ಪಟ್ಟಿಯ ಶೇಕಡಾ 50.3 ಭಾಗ ಮಾತ್ರ. ‘ಏನೂ ಕಾಣಲಿಲ್ಲ’ ಎಂಬುದು ಉಳಿದರ್ಧಕ್ಕೆ ಅನ್ವಯಿಸದು. ಲೇಖಕರು ಈ ಮಿತಿಯನ್ನು ಮುಚ್ಚಿಟ್ಟಿಲ್ಲ ಎಂಬುದು ಮೆಚ್ಚತಕ್ಕದ್ದು. ಎರಡನೆಯದಾಗಿ, ಚುಕ್ಕೆಯ ರೋಹಿತದಲ್ಲಿ ರೇಖೆಗಳಿಲ್ಲದ ಕಾರಣ ಅದರ ದೂರವನ್ನು ನೇರವಾಗಿ ಅಳೆಯಲಾಗಲಿಲ್ಲ. ಅಟ್ಲಾಸ್ ತಂಡದ ಲೇಖನವೂ ಆಕಸ್ಮಿಕ ಹೊಂದಾಣಿಕೆ ಎಂಬ ಕಡೆಗೇ ವಾಲುತ್ತದೆ. ಆದರೆ ಮುಂದೆಂದಾದರೂ ಅಳೆದ ದೂರವು ಗುರುತ್ವ ತರಂಗದ ದೂರಕ್ಕೆ ಹೊಂದಿದರೆ ಮರುವಿಚಾರ ಅಗತ್ಯ ಎಂದು ಅದು ಒಂದು ಬಾಗಿಲನ್ನು ತೆರೆದಿಡುತ್ತದೆ. ನನಗೆ ಭಾಲೇರಾವ್ ತಂಡದ ವಾದ ಒಪ್ಪಿಗೆ. ಅಟ್ಲಾಸ್ ತಂಡದ ಭಾಷೆ ಹೆಚ್ಚು ಒಪ್ಪಿಗೆ.

ಅಟ್ಲಾಸ್ ತಂಡ ಕೊಟ್ಟ ಇನ್ನೊಂದು ಅಂಕಿಯನ್ನು ಗಮನಿಸಿ. ಗುರುತ್ವ ತರಂಗ ಮತ್ತು ಚುಕ್ಕೆ ಆಕಸ್ಮಿಕವಾಗಿ ಹೀಗೆ ಕೂಡಿಬರುವ ಸಂಭವನೀಯತೆ 0.04. ಪಠ್ಯಪುಸ್ತಕದ 0.05ರ ಗೆರೆಯನ್ನೇ ನೆಚ್ಚಿಕೊಂಡಿದ್ದರೆ ‘ಕಪ್ಪು ಕುಳಿಗಳು ಬೆಳಗಿದವು’ ಎಂದು ಸಾರಿಬಿಡಬಹುದಿತ್ತು! ಅದನ್ನು ತಡೆದದ್ದು ಮರುವೀಕ್ಷಣೆ.

ಶಿಕ್ಷಕ ಮಿತ್ರರೇ, ನಮ್ಮ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳಲ್ಲಿ ಗುರುತ್ವ ವೇಗೋತ್ಕರ್ಷ ಸದಾ 9.8 ಆಗಿರುವುದೇಕೆ? ಹೊಂದದ ಅಳತೆಯನ್ನು ಅಳಿಸಿದರೆ ಅಂಕ ಸಿಗುತ್ತದೆಂದು ಅವರಿಗೆ ಕಲಿಸಿದವರು ನಾವೇ. ಮುಂದಿನ ಬಾರಿ ಮೇಲಿನ ನಕ್ಷೆಯನ್ನು ಎರಡು ಶೂನ್ಯ ಕಾಲಗಳಿಂದಲೂ ಬರೆಸಿ ನೋಡಿ. ‘ಸಂಬಂಧವಿಲ್ಲ’ ಎಂದು ಕಾರಣಸಹಿತ ಬರೆದವರಿಗೆ ಪೂರ್ಣ ಅಂಕ ಕೊಡಿ.