ಮಧುಮೇಹದ ಮುನ್ಸೂಚನೆ: ವಂಶವಾಹಿ ಅಂಕವನ್ನು ಎಷ್ಟು ನಂಬಬಹುದು?

ಸ್ವಲ್ಪ ಜೊಲ್ಲನ್ನು ಕೊಳವೆಯಲ್ಲಿ ತುಂಬಿ ಕಳಿಸಿದರೆ, ಅದರಲ್ಲಿನ ಡಿಎನ್‌ಎ ಪರೀಕ್ಷಿಸಿ ನಿಮಗೆ ಮಧುಮೇಹ ಬರುವ ಅಪಾಯ ಎಷ್ಟೆಂದು ಹೇಳುವ ಸೇವೆಗಳು ಇಂದು ಹಣಕ್ಕೆ ದೊರೆಯುತ್ತವೆ. ವರದಿಯಲ್ಲಿ ಒಂದು ಅಂಕ ಇರುತ್ತದೆ. ಅದನ್ನು ನಾವಿಲ್ಲಿ ಅಪಾಯಾಂಕ ಎಂದು ಕರೆಯೋಣ. ಅಂಕಿ ಕಂಡೊಡನೆ ಅದನ್ನು ವಿಜ್ಞಾನದ ತೀರ್ಪೆಂದು ನಂಬುವುದು ಸಹಜ. ಆದರೆ ಅಳತೆ ನಿಖರವಾಗಿದ್ದ ಮಾತ್ರಕ್ಕೆ ಅದರ ಆಧಾರದ ಮೇಲೆ ಮಾಡಿದ ಮುನ್ಸೂಚನೆಯೂ ನಿಖರವಾಗಬೇಕಿಲ್ಲ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಮೊದಲ ವರ್ಷವೇ ಕಲಿಸುವ ಈ ಪಾಠವನ್ನು ಅಪಾಯಾಂಕಕ್ಕೂ ಅನ್ವಯಿಸಿ ನೋಡೋಣ.

ಅಂಕ ಬರುವುದು ಹೇಗೆ?

ಮಧುಮೇಹಿಗಳಲ್ಲಿ ಬಹುಪಾಲು ಮಂದಿಗೆ ಇರುವುದು ಎರಡನೆಯ ಬಗೆಯ ಮಧುಮೇಹ. ಇದಕ್ಕೆ ಒಂದೇ ಒಂದು ವಂಶವಾಹಿ ಕಾರಣವಲ್ಲ. ಡಿಎನ್‌ಎಯ ನೂರಾರು ತಾಣಗಳಲ್ಲಿರುವ ಸಣ್ಣ ವ್ಯತ್ಯಾಸಗಳು ಒಂದೊಂದೂ ಅಪಾಯವನ್ನು ತುಸು ಏರಿಸುತ್ತವೆ. 2006ರಲ್ಲಿ ಐಸ್‌ಲೆಂಡಿನ ಸಂಶೋಧಕರು ಗುರುತಿಸಿದ ಟಿಸಿಎಫ್‌7ಎಲ್‌2 ಎಂಬ ವಂಶವಾಹಿಯ ರೂಪಭೇದ ಇವುಗಳಲ್ಲಿ ಪ್ರಬಲವಾದದ್ದು. ಅಂಥದ್ದೂ ಸಹ ಪ್ರತಿಯೊಂದಕ್ಕೆ ಅಪಾಯವನ್ನು ಸುಮಾರು 1.4 ಪಟ್ಟು ಮಾಡುತ್ತದೆ, ಅಷ್ಟೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ, 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಇಂಥ 611 ತಾಣಗಳನ್ನು ಗುರುತಿಸಿದೆ.

ಪ್ರತಿ ತಾಣದಲ್ಲೂ ತಂದೆಯಿಂದ ಬಂದ ಒಂದು ಪ್ರತಿ, ತಾಯಿಯಿಂದ ಬಂದ ಒಂದು ಪ್ರತಿ ಇರುತ್ತವೆ. ಆದ್ದರಿಂದ ಅಪಾಯಕಾರಿ ಪ್ರತಿಗಳ ಸಂಖ್ಯೆ 0, 1 ಅಥವಾ 2 ಆಗಬಹುದು. ಎಲ್ಲ ತಾಣಗಳ ಸಂಖ್ಯೆಗಳನ್ನು, ಸಾಮಾನ್ಯವಾಗಿ ಒಂದೊಂದರ ಪ್ರಭಾವಕ್ಕೆ ತಕ್ಕ ತೂಕ ಕೊಟ್ಟು, ಕೂಡಿದರೆ ಅಪಾಯಾಂಕ ಸಿಗುತ್ತದೆ.

ಗುಂಪು ಬೇರೆ, ವ್ಯಕ್ತಿ ಬೇರೆ

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 2,377 ಜನರನ್ನು 28 ವರ್ಷಗಳ ಕಾಲ ಗಮನಿಸಲಾಯಿತು. ಆ ಅವಧಿಯಲ್ಲಿ 255 ಮಧುಮೇಹ ಪ್ರಕರಣಗಳು ಹೊಸದಾಗಿ ಕಂಡುಬಂದವು. 18 ತಾಣಗಳನ್ನು ಆಧರಿಸಿದ ಅಪಾಯಾಂಕದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಕಾಯಿಲೆ ಬಂದವರ ಸರಾಸರಿ ಅಂಕ 17.7, ಬಾರದವರದು 17.1. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಆದರೆ ಎರಡೂ ಗುಂಪುಗಳಲ್ಲಿ ಮಾನಕ ವಿಚಲನೆ 2.6ರ ಆಸುಪಾಸಿನಲ್ಲಿದೆ. ಅಂತರ 0.6, ಹರಹು 2.6! ಎರಡು ಗುಂಪುಗಳ ವಕ್ರರೇಖೆಗಳನ್ನು ಗ್ರಾಫ್ ಹಾಳೆಯಲ್ಲಿ ಎಳೆದು ನೋಡಿ. ಅವು ಬಹುಮಟ್ಟಿಗೆ ಒಂದರ ಮೇಲೊಂದು ಕುಳಿತಿರುತ್ತವೆ. ಒಬ್ಬರ ಅಂಕ 18 ಎಂದು ತಿಳಿದರೆ ಅವರು ಯಾವ ಗುಂಪಿಗೆ ಸೇರುವರೆಂದು ಹೇಳುವುದಾದರೂ ಹೇಗೆ?

ಇದನ್ನೇ ಇನ್ನೊಂದು ರೀತಿಯಲ್ಲಿ ಪರೀಕ್ಷಿಸಬಹುದು. ಕಾಯಿಲೆ ಬಂದ ಒಬ್ಬರು, ಬಾರದ ಒಬ್ಬರು, ಹೀಗೆ ನೂರು ಜೋಡಿಗಳನ್ನು ಮಾಡಿ, ಪ್ರತಿ ಜೋಡಿಯಲ್ಲೂ ಯಾರಿಗೆ ಕಾಯಿಲೆ ಬಂತೆಂದು ಊಹಿಸಿ. ನಾಣ್ಯ ಚಿಮ್ಮಿದರೆ 50 ಸರಿಯಾಗುತ್ತವೆ. ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಗಂಡು-ಹೆಣ್ಣು ಎಂಬ ಮಾಹಿತಿ ಮಾತ್ರ ಇದ್ದಾಗ ಸುಮಾರು 53, ಅಪಾಯಾಂಕ ಸೇರಿಸಿದಾಗ ಸುಮಾರು 58. ಇದರ ಬದಲು ವಯಸ್ಸು, ಮನೆತನದ ಇತಿಹಾಸ, ಎತ್ತರಕ್ಕೆ ತಕ್ಕ ತೂಕ, ಬರಿಹೊಟ್ಟೆಯ ರಕ್ತದ ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬು ಇವನ್ನು ಬಳಸಿದಾಗ 90.0. ಇವೆಲ್ಲದರ ಮೇಲೆ ಅಪಾಯಾಂಕವನ್ನೂ ಸೇರಿಸಿದಾಗ? 90.1!

ಕಾರಣ ಊಹಿಸಲು ಕಷ್ಟವಿಲ್ಲ. ಮಧ್ಯವಯಸ್ಸಿನ ಹೊತ್ತಿಗೆ ವಂಶವಾಹಿಗಳ ಪ್ರಭಾವದ ಬಹುಭಾಗ ರಕ್ತದ ಸಕ್ಕರೆಯಲ್ಲಿ, ಮನೆತನದ ಇತಿಹಾಸದಲ್ಲಿ ಆಗಲೇ ಮೂಡಿರುತ್ತದೆ. ಚಲಿಸುವ ವಸ್ತುವಿನ ಈಗಿನ ಸ್ಥಾನ ಮತ್ತು ವೇಗ ಗೊತ್ತಿದ್ದರೆ ಅದು ಎಲ್ಲಿಂದ ಹೊರಟಿತೆಂಬ ವಿವರ ಮುಂದಿನ ಲೆಕ್ಕಕ್ಕೆ ಬೇಕಾಗುವುದಿಲ್ಲವಷ್ಟೆ.

ಕಾಯಿಲೆ ಮುಂದುವರಿಯುವ ವೇಗ

ಕಾಯಿಲೆ ಬರುವುದು ಒಂದು ಪ್ರಶ್ನೆ. ಅದು ಎಷ್ಟು ಬೇಗ ಉಲ್ಬಣಿಸುತ್ತದೆ ಎಂಬುದು ಇನ್ನೊಂದು. ವರದಿಗಳನ್ನು ಓದುವಾಗ ಇವೆರಡನ್ನೂ ಬೆರೆಸಿಬಿಡುವುದುಂಟು. ಸ್ಕಾಟ್‌ಲೆಂಡಿನ ಟೇಸೈಡ್ ಪ್ರದೇಶದ 5,250 ರೋಗಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿ 61 ರೂಪಭೇದಗಳ ಅಪಾಯಾಂಕ ಹೆಚ್ಚಿದ್ದವರಲ್ಲಿ ಕಾಯಿಲೆ ಕಿರಿಯ ವಯಸ್ಸಿನಲ್ಲೇ ಪತ್ತೆಯಾಗಿತ್ತು. ಆದರೆ ಪತ್ತೆಯಾದ ಬಳಿಕ ಇನ್ಸುಲಿನ್ ಬೇಕಾಗುವ ಹಂತ ತಲುಪುವ ವೇಗಕ್ಕೂ ಅಪಾಯಾಂಕಕ್ಕೂ ಸಂಬಂಧ ಕಾಣಲಿಲ್ಲ. ಓಟ ಯಾವಾಗ ಆರಂಭವಾಗುತ್ತದೆಂದು ತುಸು ಸೂಚಿಸುವ ಅಂಕ, ಓಟದ ವೇಗವನ್ನು ಹೇಳಲಿಲ್ಲ.

ಮಧುಮೇಹಪೂರ್ವ ಸ್ಥಿತಿಯಿಂದ ಮಧುಮೇಹಕ್ಕೆ ಜಾರುವ ಹಂತದಲ್ಲಿ ವಂಶವಾಹಿಯ ಪಾತ್ರ ಕಾಣುತ್ತದೆ ನಿಜ. ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಭಾಗವಹಿಸಿದವರ ಟಿಸಿಎಫ್‌7ಎಲ್‌2 ಪರೀಕ್ಷೆಯ ಫಲಿತಾಂಶ 2006ರಲ್ಲಿ ಹೊರಬಂತು. ಎರಡೂ ಪ್ರತಿಗಳು ಅಪಾಯಕಾರಿಯಾಗಿದ್ದವರಲ್ಲಿ ಕಾಯಿಲೆಗೆ ಜಾರುವ ಪ್ರಮಾಣ, ಎರಡೂ ನಿರಪಾಯಕಾರಿಯಾಗಿದ್ದವರದಕ್ಕಿಂತ 1.55 ಪಟ್ಟು. ಹುಸಿಮಾತ್ರೆ ಪಡೆದ ಗುಂಪಿನಲ್ಲಿ ಇದು 1.81, ಆಹಾರ ನಿಯಂತ್ರಿಸಿ ವ್ಯಾಯಾಮ ಮಾಡಿದ ಗುಂಪಿನಲ್ಲಿ 1.15. ಈ ಎರಡು ಸಂಖ್ಯೆಗಳ ವ್ಯತ್ಯಾಸ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಒಂದು ಮಾತು ಖಚಿತ. 2002ರಲ್ಲಿ ಪ್ರಕಟವಾದ ಇದೇ ಕಾರ್ಯಕ್ರಮದ ಮುಖ್ಯ ಫಲಿತಾಂಶದಂತೆ, ವಾರಕ್ಕೆ 150 ನಿಮಿಷದ ನಡಿಗೆಯಂಥ ವ್ಯಾಯಾಮ ಮತ್ತು ಶೇ. 7ರಷ್ಟು ತೂಕ ಇಳಿಕೆಯ ಗುರಿಯುಳ್ಳ ಕ್ರಮದಿಂದ ಹೊಸ ಪ್ರಕರಣಗಳು ಶೇ. 58ರಷ್ಟು ತಗ್ಗಿದವು. 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿಯೂ ಇಂಥ ಕ್ರಮ ಅಪಾಯವನ್ನು ಶೇ. 28.5ರಷ್ಟು ಇಳಿಸಿತು. ನಮ್ಮ ನಡವಳಿಕೆಯಿಂದ ಬದಲಾಗುವ ಸಂಭವನೀಯತೆಯನ್ನು ಗ್ರಹಣದ ದಿನಾಂಕದಂತೆ ಓದಬಾರದು.

ಯಾರ ಅಳತೆಗೋಲು, ಯಾರಿಗೆ?

ಅಪಾಯಾಂಕದಲ್ಲಿ ಪ್ರತಿ ತಾಣಕ್ಕೂ ಕೊಡುವ ತೂಕ ಹಿಂದಿನ ಸಮೀಕ್ಷೆಗಳಿಂದ ಬಂದದ್ದು. 2019ರ ಒಂದು ಲೆಕ್ಕದಂತೆ ಇಂಥ ಸಮೀಕ್ಷೆಗಳಲ್ಲಿ ಭಾಗವಹಿಸಿದವರಲ್ಲಿ ಸುಮಾರು ಶೇ. 79ರಷ್ಟು ಜನ ಯೂರೋಪ್ ಮೂಲದವರು. ಅವರಿಗೆ ಹೊಂದಿಸಿದ ಅಂಕವನ್ನು ಬೇರೆ ಮೂಲದವರಿಗೆ ಬಳಸಿದಾಗ ನಿಖರತೆ ಕುಗ್ಗುತ್ತದೆ. 2024ರ ವಿಶ್ಲೇಷಣೆಯಲ್ಲಿ ಯೂರೋಪೇತರರ ಪಾಲು ಶೇ. 39.7ಕ್ಕೆ ಏರಿರುವುದು ಒಳ್ಳೆಯ ಬೆಳವಣಿಗೆ. ಆದರೂ ಭಾರತೀಯರ ಮೇಲೆ ಪರೀಕ್ಷಿಸದ ಅಂಕವನ್ನು ಭಾರತೀಯರಿಗೆ ಮಾರುವುದು, ತಾಳೆ ನೋಡದ ತಕ್ಕಡಿಯಲ್ಲಿ ತೂಗಿದಂತೆ.

ಉಪಯೋಗವೇ ಇಲ್ಲವೇ?

ಹಾಗೆನ್ನುವಂತಿಲ್ಲ. ಲಕ್ಷಾಂತರ ರೂಪಭೇದಗಳನ್ನು ಬಳಸಿದ 2018ರ ಅಧ್ಯಯನವೊಂದು, ಬ್ರಿಟನ್ನಿನ ಜನರಲ್ಲಿ ಶೇ. 3.5ರಷ್ಟು ಮಂದಿಗೆ ಉಳಿದವರ ಮೂರು ಪಟ್ಟು ಅಪಾಯ ಇರುವುದನ್ನು ತೋರಿಸಿತು. ರಕ್ತದಲ್ಲಿ ಏನೂ ಕಾಣದ ಎಳೆಯ ವಯಸ್ಸಿನಲ್ಲಿ ಅಂಥವರನ್ನು ಗುರುತಿಸಿದರೆ ಪ್ರಯೋಜನ ಇರಬಹುದು. ಮೊದಲನೆಯ ಬಗೆಯ ಮಧುಮೇಹದ ಕಥೆಯೇ ಬೇರೆ. ಅಲ್ಲಿ ಕೆಲವೇ ವಂಶವಾಹಿಗಳ ಪ್ರಭಾವ ದೊಡ್ಡದು. ರೋಗಿಗೆ ಇರುವುದು ಮೊದಲನೆಯ ಬಗೆಯೋ ಎರಡನೆಯದೋ ಎಂದು ವಿಂಗಡಿಸಲು ಅಪಾಯಾಂಕ ನೆರವಾಗುತ್ತದೆ. ಪುಣೆ, ಹೈದರಾಬಾದ್ ಮತ್ತು ಇಂಗ್ಲೆಂಡಿನ ಸಂಶೋಧಕರು ಪುಣೆಯ ರೋಗಿಗಳ ಮೇಲೆ ಪರೀಕ್ಷಿಸಿ, ಅದು ಭಾರತೀಯರಲ್ಲೂ ಕೆಲಸ ಮಾಡುತ್ತದೆಂದು 2020ರಲ್ಲಿ ತೋರಿಸಿದರು. ಅಲ್ಲಿ ಕೇಳಿದ ಪ್ರಶ್ನೆ ಉಪಕರಣದ ಶಕ್ತಿಗೆ ತಕ್ಕಂತಿತ್ತು.

ಆದ್ದರಿಂದ ಇಂಥ ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಎರಡು ಗುಂಪುಗಳ ಅಂತರದ ಎದುರು ಹರಹು ಎಷ್ಟು? ಸಾಮಾನ್ಯ ರಕ್ತಪರೀಕ್ಷೆಗಿಂತ ಹೆಚ್ಚಾಗಿ ಇದು ಏನನ್ನು ಹೇಳುತ್ತದೆ? ಯಾವ ಜನರ ಮೇಲೆ ಪರೀಕ್ಷಿಸಿದ್ದು? ಇದು ಕಾಯಿಲೆ ಬರುವುದನ್ನು ಕುರಿತದ್ದೋ, ಉಲ್ಬಣಿಸುವುದನ್ನು ಕುರಿತದ್ದೋ? ಶಿಕ್ಷಕರು ಇವನ್ನು ತರಗತಿಯ ಚರ್ಚೆಗೆ ತೆಗೆದುಕೊಳ್ಳಬಹುದು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ. ಅಂಕ ಕಡಿಮೆ ಬಂತೆಂದು ಇವರಲ್ಲಿ ಒಬ್ಬರು ರಕ್ತಪರೀಕ್ಷೆ ಬಿಟ್ಟರೂ, ಹೆಚ್ಚು ಬಂತೆಂದು ಇನ್ನೊಬ್ಬರು ಹಣೆಬರಹವೆಂದು ಕೈಚೆಲ್ಲಿದರೂ ನಷ್ಟ ಅವರ ಆರೋಗ್ಯಕ್ಕೇ. ಇವರ ಮುಂದಿನ ದಾರಿಯನ್ನು ತಿಳಿಯಲು ಇಂದಿಗೂ ಹೆಚ್ಚು ನೆರವಾಗುವುದು ತೂಕದ ಯಂತ್ರ, ಸೊಂಟ ಅಳೆಯುವ ಟೇಪು ಮತ್ತು ಬರಿಹೊಟ್ಟೆಯಲ್ಲಿ ಕೊಡುವ ಸ್ವಲ್ಪ ರಕ್ತ.