ಸಪ್ಪಳ ಕೇಳಿಸಬೇಕು

ಕುರ್ಚಿಯ ಮೇಲೆ ಕೂತು ಮಾಡುವ ಟ್ಯಾಪ್ ಡ್ಯಾನ್ಸನ್ನು ವಯಸ್ಸಾದವರಿಗೆ, ಅಂಗವಿಕಲರಿಗೆ ಕಲಿಸುವವರು ಅದರ ಲಾಭ ಹೇಳಹೊರಟರೆ ಮೊದಲು ಬರುವುದು ಮೊಣಕಾಲು, ಕೀಲು, ರಕ್ತಸಂಚಾರದ ಮಾತು. ಅದು ಸುಳ್ಳಲ್ಲ. ಆದರೆ ಅಷ್ಟೇ ಆಗಿದ್ದರೆ ಟ್ಯಾಪ್ ಯಾಕೆ ಬೇಕಿತ್ತು? ಕಾಲು ಎತ್ತಿ ಇಳಿಸುವ ವ್ಯಾಯಾಮವೇ ಸಾಕಿತ್ತು. ಟ್ಯಾಪಿನಲ್ಲಿ ಕುಣಿಯುವವರೇ ವಾದ್ಯ ನುಡಿಸುವವರು. ಷೂಸಿನ ಮುಂತುದಿಗೊಂದು, ಹಿಮ್ಮಡಿಗೊಂದು ಲೋಹದ ತಗಡು ಇರುತ್ತದೆ. ಕಾಲು ಸರಿಯಾಗಿ ಬಿತ್ತೋ ಇಲ್ಲವೋ ಎಂಬುದನ್ನು ಕಿವಿ ಆ ಕ್ಷಣವೇ ಹೇಳಿಬಿಡುತ್ತದೆ. ಹಾಗಾಗಿ ಸ್ಪೀಕರಿನಲ್ಲಿ ಹಾಡನ್ನು ಜೋರಾಗಿ ಹಚ್ಚಿ, ಆ ಗದ್ದಲದಲ್ಲಿ ಎಲ್ಲರ ಕಾಲನ್ನೂ ಆಡಿಸಿ, ಕೊನೆಗೆ ಎಲ್ಲರಿಗೂ ಚಪ್ಪಾಳೆ ತಟ್ಟಿ ಕಳಿಸುವ ತರಗತಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕಲಿಯುವವರಿಗೆ ಅವರ ಕಾಲಿನ ಸಪ್ಪಳವೇ ಸಿಗುವುದಿಲ್ಲ.

ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯಲ್ಲಿ ಇಂಥದೊಂದು ತರಗತಿ ನಡೆಸುವುದಾದರೆ ಹೇಗಿರಬೇಕು ಎಂದು ಯೋಚಿಸಿದಾಗ ಈ ಮಾತು ನನಗೆ ಇನ್ನೂ ಗಟ್ಟಿಯಾಗುತ್ತದೆ. ಇದು ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ಸೀಮೆ. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮ ಇಬ್ಬರೂ ಇದೇ ಸುತ್ತಿನವರು. ಗೆಜ್ಜೆಕಾಲಿನ ಏಟು ತಾಳಕ್ಕೆ ಕೂಡಿತೋ ತಪ್ಪಿತೋ ಎಂಬುದನ್ನು ಕತ್ತಲಲ್ಲಿ ಕೂತೂ ಗುರುತಿಸುವ ಪ್ರೇಕ್ಷಕರನ್ನು ಪಾರಿಜಾತ ತಯಾರು ಮಾಡಿದೆ. ಉತ್ತರ ಕರ್ನಾಟಕದ ಹೆಜ್ಜೆಮೇಳದಲ್ಲಂತೂ ಹೆಜ್ಜೆಯೇ ಕಲೆ. ಇಂಥ ಕಡೆ ಎಪ್ಪತ್ತು ದಾಟಿದ ಅಜ್ಜನಿಗೆ ತಾಳ ಕಲಿಸಬೇಕಾಗಿಲ್ಲ. ಅವನಿಗೆ ಗೊತ್ತಿರುವ ತಾಳವನ್ನು ಅವನ ಕಾಲಿಗೆ ಮರಳಿ ಕೊಡಬೇಕು. ‘ಶಫಲ್’, ‘ಫ್ಲ್ಯಾಪ್’ ಎಂಬ ಟ್ಯಾಪ್ ಹೆಜ್ಜೆಗಳ ಹೆಸರು ಬಾಯಿಪಾಠ ಮಾಡಿಸುವ ಬದಲು ‘ತಕಧಿಮಿ’ ಎಂದು ಹೇಳಿ, “ಅಜ್ಜಾ, ಹಿಂಬಡ ಎತ್ತಿ ಬಡೀರಿ” ಅಂದರೆ ಕೆಲಸ ಶುರುವಾಗುತ್ತದೆ.

ಆದರೂ ಕೂತಾಗ ಕಳೆದುಹೋಗುವುದೇನು ಎಂಬುದನ್ನು ಕಲಿಸುವವರು ಮರೆಯಬಾರದು. ಶಫಲ್ ಎಂದರೆ ಪಾದದ ತುದಿಯನ್ನು ಮುಂದಕ್ಕೆ ಸವರಿ ಒಂದು ಸದ್ದು, ಹಿಂದಕ್ಕೆ ಸೆಳೆದು ಇನ್ನೊಂದು. ಇದು ಕುರ್ಚಿಯಲ್ಲೂ ಚೆನ್ನಾಗಿ ಬರುತ್ತದೆ. ಬಾಲ್-ಚೇಂಜ್ ಹಾಗಲ್ಲ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವುದೇ ಅದರ ಜೀವ, ಕೂತವರ ಭಾರವೆಲ್ಲ ಕುರ್ಚಿಯ ಮೇಲಿರುತ್ತದೆ. ನಿಂತವರ ಪಾಠವನ್ನು ಕೂತವರಿಗೆ ಹಾಗೆಯೇ ಇಳಿಸಿದರೆ ಬರೀ ಅನುಕರಣೆ ಉಳಿಯುತ್ತದೆ. ಕೂತಾಗ ಸಿಗುವ ಸಂಪತ್ತು ಬೇರೆ: ಹಿಮ್ಮಡಿಯ ಏಟು ದಪ್ಪ, ತುದಿಯ ಏಟು ತೆಳು. ಡಗ್ಗಾ-ತಬಲಾದ ಹಾಗೆ ಈ ಎರಡು ನಾದಗಳಿಂದಲೇ ಒಂದಿಡೀ ಪಾಠ ಕಟ್ಟಬಹುದು. ತುದಿ ಎತ್ತುವ ಸ್ನಾಯು ಸೋತಾಗ ವಯಸ್ಸಾದವರು ಹೊಸ್ತಿಲಿಗೆ ಎಡವುವುದುಂಟು, ಲಕ್ವ ಹೊಡೆದವರ ಪಾದ ಜೋತುಬೀಳುವುದೂ ಅದೇ ಕಾರಣಕ್ಕೆ. ತೆಳು ಸದ್ದು ಸ್ಪಷ್ಟವಾಗಲಿ ಎಂದು ಹಟ ಹಿಡಿಯುವ ಶಿಕ್ಷಕರು ವ್ಯಾಯಾಮದ ಹೆಸರೆತ್ತದೆಯೇ ವ್ಯಾಯಾಮ ಮಾಡಿಸಿರುತ್ತಾರೆ.

ಶುಗರ್ ಇದ್ದು ಪಾದ ಜೋಮು ಹಿಡಿದವರ ವಿಷಯದಲ್ಲಿ ಈ ಕಲೆಯ ಬೆಲೆ ನನಗೆ ಅತ್ಯಂತ ದೊಡ್ಡದಾಗಿ ಕಾಣುತ್ತದೆ. ಕಾಲು ನೆಲ ಮುಟ್ಟಿದ್ದು ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಪಾದ ಹೇಳಲಾರದ್ದನ್ನು ಇಲ್ಲಿ ಕಿವಿ ಹೇಳುತ್ತದೆ. ಅಪಾಯವೂ ಅವರಿಗೇ ಹೆಚ್ಚು. ನೋವು ತಿಳಿಯದ ಪಾದಕ್ಕೆ ಗಾಯವಾದರೆ ಹುಣ್ಣಾಗುವ ತನಕ ಗೊತ್ತಾಗದು. ಬರಿಗಾಲಲ್ಲಿ ಬಡಿಸಬಾರದು, ಬಿಗಿಯಾದ ಷೂಸೂ ಬೇಡ, ತರಗತಿ ಮುಗಿದ ಮೇಲೆ ಅಂಗಾಲು ನೋಡಲೇಬೇಕು. ಇನ್ನು ಫರಸಿ ಕಲ್ಲಿನ ನೆಲದಲ್ಲಿ ಲೋಹದ ತಗಡು ಜಾರುತ್ತದೆ, ಸದ್ದೂ ಒಣಗಿದಂತೆ ಕೇಳುತ್ತದೆ. ಕಾಲ ಕೆಳಗೆ ಅಲುಗಾಡದ ಒಂದು ಮರದ ಹಲಗೆ ಇದ್ದರೆ ನಾದಕ್ಕೆ ಮೈ ಬರುತ್ತದೆ. ಕಿವಿ ಕೇಳದವರಿಗೂ ಅದರ ಕಂಪನ ತಲುಪುತ್ತದೆ. ಬಾಗುವ ಪ್ಲಾಸ್ಟಿಕ್ ಕುರ್ಚಿ ಮಾತ್ರ ಖಂಡಿತ ಕೂಡದು.

ಕೂತು ಕುಣಿಯುವುದಕ್ಕೆ ನಮ್ಮಲ್ಲೇ ಒಂದು ಮಾದರಿ ಇದೆ. ಬೆಂಗಳೂರು ಮೂಲದ ಸೈಯದ್ ಸಲಾವುದ್ದೀನ್ ಪಾಷಾ ಅವರು ಗಾಲಿಕುರ್ಚಿಯ ಮೇಲೆ ಭರತನಾಟ್ಯವನ್ನೂ ರಾಮಾಯಣವನ್ನೂ ರಂಗಕ್ಕೆ ತಂದವರು. ಅಂಗವಿಕಲ ಕಲಾವಿದರಿಂದ ಅವರು ಬೇಡುವ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಮಾದರಿಗೆ ಬಲವಾದ ತೋಳು, ಎಳೆಯ ವಯಸ್ಸು, ನಯವಾದ ದೊಡ್ಡ ರಂಗ ಬೇಕು. ಗಾಲಿಯ ವೇಗ ಕಣ್ಣನ್ನು ಸೆಳೆಯುವಾಗ ಪ್ರೇಕ್ಷಕರು ಬೆರಗಿನಲ್ಲೇ ನಿಂತುಬಿಡುತ್ತಾರೆ. ಕಲೆಯನ್ನು ಕಲೆಯೆಂದು ತೂಗುವುದು ಹಿಂದೆ ಬೀಳುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯತಂಡ 2001ರಲ್ಲಿ ಪಾರ್ಕಿನ್ಸನ್ ರೋಗಿಗಳಿಗೆ ಶುರುಮಾಡಿದ ತರಗತಿಗಳು ಈ ದೃಷ್ಟಿಯಿಂದ ನಮಗೆ ಹೆಚ್ಚು ಹತ್ತಿರ. ಕಲಿಸುವವರು ನೃತ್ಯಗಾರರು, ಪಾಠ ಶುರುವಾಗುವುದು ಕುರ್ಚಿಯಲ್ಲಿ, ಬಂದವರು ರೋಗಿಗಳಾಗಿ ಅಲ್ಲ, ನೃತ್ಯ ಕಲಿಯುವವರಾಗಿ ಕೂರುತ್ತಾರೆ.

ಟ್ಯಾಪಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1907ರಲ್ಲಿ ಹುಟ್ಟಿದ ಅಮೆರಿಕದ ಟ್ಯಾಪ್ ನರ್ತಕ ಕ್ಲೇಟನ್ ಬೇಟ್ಸ್ ಹನ್ನೆರಡರ ವಯಸ್ಸಿಗೆ ಹತ್ತಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎಡಗಾಲು ಕಳೆದುಕೊಂಡ. ಕಬ್ಬಿನ ಗಾಣಕ್ಕೆ, ಒಕ್ಕುವ ಮಷಿನ್ನಿಗೆ ಸಿಕ್ಕವರನ್ನು ಕಂಡಿರುವ ನಮ್ಮ ಕಡೆಯವರಿಗೆ ಈ ಕತೆ ದೂರದ್ದಲ್ಲ. ಬೇಟ್ಸ್ ತನ್ನ ಮರದ ಕಾಲನ್ನು ಬಚ್ಚಿಡಲಿಲ್ಲ. ಅದರ ಮಂದ ಸದ್ದನ್ನೂ ಷೂಸಿನ ಕಾಲಿನ ಚುರುಕು ಸದ್ದನ್ನೂ ಎದುರುಬದುರು ನಿಲ್ಲಿಸಿ ಬೇರೆ ಯಾರಿಗೂ ಬಾರದ ಲಯ ಕಟ್ಟಿದ. ಜನ ಆತನನ್ನು ನೋಡಲು ಬಂದದ್ದು ಕನಿಕರಕ್ಕಲ್ಲ.

ಕಾಲು ಅಲುಗದವರ ಕೈಗೆ ತಗಡು ಕಟ್ಟಿ ಹಲಗೆ ಬಡಿಸಿದರೆ ಅದೂ ಟ್ಯಾಪ್ ಆಗುತ್ತದೆಯೇ? ಆಗುತ್ತದೆ ಎಂದೇ ನನ್ನ ತೀರ್ಮಾನ, ಒಂದು ಷರತ್ತಿನ ಮೇಲೆ. ಉಳಿದವರಿಗೆ ಕೊಟ್ಟ ಪಾಠವನ್ನೇ ಅವರಿಗೂ ಕೊಡಬೇಕು, ತಾಳ ತಪ್ಪಿದರೆ ಅವರನ್ನೂ ತಿದ್ದಬೇಕು, ಗುಂಪು ಸುಮ್ಮನಾಗಿ ಒಬ್ಬೊಬ್ಬರೇ ನುಡಿಸುವ ಆವರ್ತ ಬಂದಾಗ ಅವರ ಸರದಿಯನ್ನು ದಾಟಿಸಿ ಮುಂದಕ್ಕೆ ಹೋಗಬಾರದು.